ಡಿಸ್ಕು ಭಾವಗೀತೆಯದು, ಹೆಸರು ಯಾರದೋ

ಪ್ರಶ್ನೆ: ಅಪ್ಪ ವರ್ಷಗಟ್ಟಲೆ ಕೂಡಿಟ್ಟ ಸಿ.ಡಿ.ಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಭಾವಗೀತೆ, ದಾಸರ ಪದ, ಹಿಂದೂಸ್ತಾನಿ ಗಾಯನ, ಹಳೆಯ ಚಿತ್ರಗೀತೆ ಎಲ್ಲವೂ ಇವೆ. ಭಾವಗೀತೆಯ ಒಂದು ಡಿಸ್ಕ್ ಹಾಕಿದರೆ ಯಾವುದೋ ವಿದೇಶಿ ರಾಕ್ ತಂಡದ ಆಲ್ಬಂ ಎಂದು ತೋರಿಸುತ್ತದೆ. ಒಂದು ಖಯಾಲ್ ಡಿಸ್ಕಿಗೆ ಬೇರೆ ಗಾಯಕರ ಹೆಸರು ಬಂದಿದೆ. ಹಲವು ಗಾಯಕರು ಹಾಡಿರುವ ಆಲ್ಬಂ ಏಳೆಂಟು ಚೂರಾಗಿ ಕಾಣಿಸುತ್ತದೆ. ಹೆಸರುಗಳನ್ನು ಕುಳಿತು ತಿದ್ದಿದೆ. ಪೆನ್‌ಡ್ರೈವಿಗೆ ಹಾಕಿ ಕಾರಿನಲ್ಲಿ ಕೇಳಿದರೆ ಹಳೆಯ ತಪ್ಪು ಹೆಸರುಗಳೇ ಮತ್ತೆ ಬರುತ್ತವೆ. ದೋಷ ಸಿ.ಡಿ.ಯಲ್ಲಿದೆಯೇ? ಎಲ್ಲವನ್ನೂ ಮತ್ತೆ ಇಳಿಸಬೇಕೇ? ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಮತ್ತೆ ಇಳಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹೆಸರು ತಪ್ಪಿದೆಯೆಂದು ಇಳಿಸಿದ್ದನ್ನೆಲ್ಲ ಅಳಿಸಿ ಮೊದಲಿನಿಂದ ಶುರುಮಾಡುವವರು ಬಹಳ ಜನ. ಫೈಲಿನಲ್ಲಿ ಹಾಡಿನ ಧ್ವನಿ ಒಂದು ಕಡೆ ಇರುತ್ತದೆ, ಹೆಸರು ವಿವರಗಳ ಟ್ಯಾಗ್ ಇನ್ನೊಂದು ಕಡೆ. ಟ್ಯಾಗನ್ನು ಎಷ್ಟು ಸಲ ತಿದ್ದಿದರೂ ಧ್ವನಿಯ ಒಂದು ಬಿಟ್ ಕೂಡ ಬದಲಾಗುವುದಿಲ್ಲ. ನಿಮ್ಮ ಅಪ್ಪನ ಸಂಗ್ರಹ ಚೆನ್ನಾಗಿ ಇಳಿದಿದ್ದರೆ ಆ ಕೆಲಸ ಮುಗಿದಂತೆ. ಉಳಿದಿರುವುದು ಹೆಸರಿನ ಕೆಲಸ.

ದೋಷ ಸಿ.ಡಿ.ಯಲ್ಲಿಲ್ಲ. ಸಿ.ಡಿ.ಯಲ್ಲಿ ಹೆಸರೇ ಇಲ್ಲ. 1980ರಲ್ಲಿ ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಆಡಿಯೊ ಸಿ.ಡಿ.ಯ ಮಾನಕವನ್ನು ರೂಪಿಸಿದಾಗ ಅದರಲ್ಲಿ ಹಾಡಿನ ಹೆಸರಿಗೆಂದು ಜಾಗ ಇಟ್ಟಿರಲಿಲ್ಲ. ಡಿಸ್ಕಿನ ಆರಂಭದಲ್ಲಿ ಒಂದು ಪಟ್ಟಿ ಇರುತ್ತದೆ: ಮೊದಲ ಟ್ರ್ಯಾಕ್ ಇಲ್ಲಿ ಶುರು, ಎರಡನೆಯದು ಇಲ್ಲಿ, ಕೊನೆ ಇಲ್ಲಿ. ಅಷ್ಟೇ. ಪ್ರತಿ ಸೆಕೆಂಡನ್ನು 75 ಭಾಗ ಮಾಡಿ ಆ ಲೆಕ್ಕದಲ್ಲಿ ಸ್ಥಾನಗಳನ್ನು ಬರೆದಿರುತ್ತಾರೆ. ಹಾಡಿದವರು ಯಾರು, ಬರೆದವರು ಯಾರು ಎಂಬುದು ಡಬ್ಬಿಯೊಳಗಿನ ಇನ್‌ಲೇ ಕಾರ್ಡಿಗೆ ಬಿಟ್ಟ ವಿಷಯವಾಗಿತ್ತು. 1996ರಲ್ಲಿ ಸಿ.ಡಿ.-ಟೆಕ್ಸ್ಟ್ ಎಂಬ ಸೌಲಭ್ಯ ಬಂದು ಡಿಸ್ಕಿನಲ್ಲೇ ಹೆಸರು ಬರೆಯಲು ಸಾಧ್ಯವಾಯಿತು. ಆದರೆ ಅದನ್ನು ಬಳಸಲೇಬೇಕೆಂಬ ನಿಯಮವೇನೂ ಇರಲಿಲ್ಲ. ನಮ್ಮಲ್ಲಿ ಬಂದ ಭಾವಗೀತೆ, ಭಕ್ತಿಗೀತೆಗಳ ಡಿಸ್ಕುಗಳಲ್ಲಿ ಅದನ್ನು ಹುಡುಕಿ ಸಮಯ ಕಳೆಯಬೇಡಿ.

ಹಾಗಾದರೆ ಕಂಪ್ಯೂಟರಿಗೆ ಆ ರಾಕ್ ತಂಡದ ಹೆಸರು ಹೊಳೆದದ್ದು ಎಲ್ಲಿಂದ? ತಂತ್ರಾಂಶವು ಡಿಸ್ಕಿನ ಪಟ್ಟಿಯಿಂದ ಒಂದು ಗುರುತು ಸಂಖ್ಯೆ ತಯಾರಿಸಿ, ಅಂತರಜಾಲದ ಯಾವುದೋ ಡೇಟಾಬೇಸಿಗೆ ಕಳಿಸಿ, ‘ಈ ಅಳತೆಯ ಡಿಸ್ಕ್ ನಿಮ್ಮಲ್ಲಿದೆಯೇ’ ಎಂದು ಕೇಳುತ್ತದೆ. ಅದು ಹಾಡನ್ನು ಕೇಳಿ ನೋಡುವುದಿಲ್ಲ. ಉದ್ದವನ್ನು ಅಳೆದು ನೋಡುತ್ತದೆ. ಮದುವೆಗೆ ಜಾತಕ ನೋಡದೆ ಎತ್ತರವನ್ನಷ್ಟೇ ಅಳೆದು ಗಂಡು ಗೊತ್ತುಮಾಡಿದ ಹಾಗೆ.

ಈ ಸಂಖ್ಯೆ ಹೇಗೆ ಹುಟ್ಟುತ್ತದೆ ಎಂಬುದನ್ನು ಒಮ್ಮೆ ಹತ್ತಿರದಿಂದ ನೋಡುವುದು ಒಳ್ಳೆಯದು. ನಿಮ್ಮ ಖಯಾಲ್ ಡಿಸ್ಕಿನ ಗೊಂದಲ ಬಗೆಹರಿಯುವುದು ಅಲ್ಲೇ. 1990ರ ದಶಕದಲ್ಲಿ ಟಿ ಕಾನ್ ಮತ್ತು ಸ್ಟೀವ್ ಶೆರ್ಫ್ ಎಂಬಿಬ್ಬರು ಕಟ್ಟಿದ ಸಿಡಿಡಿಬಿ ಎಂಬ ಡೇಟಾಬೇಸಿನ ಪದ್ಧತಿ ಇದು. ಪ್ರತಿ ಟ್ರ್ಯಾಕ್ ಶುರುವಾಗುವ ಸೆಕೆಂಡಿನ ಅಂಕಿಗಳನ್ನು ಬಿಡಿಬಿಡಿಯಾಗಿ ಕೂಡಿಸುವುದು, ಅದಕ್ಕೆ ಡಿಸ್ಕಿನ ಒಟ್ಟು ಸೆಕೆಂಡುಗಳನ್ನೂ ಟ್ರ್ಯಾಕುಗಳ ಸಂಖ್ಯೆಯನ್ನೂ ಜೋಡಿಸುವುದು. ಎಲ್ಲವೂ ಹದಿನಾರರ ಎಣಿಕೆಯಲ್ಲಿ, ಅಂದರೆ ಹತ್ತರ ಬದಲು ಹದಿನಾರಾದಾಗ ಮುಂದಿನ ಸ್ಥಾನಕ್ಕೆ ಹೋಗುವ ಕಂಪ್ಯೂಟರಿನ ಎಣಿಕೆಯಲ್ಲಿ, ಒಟ್ಟು ಎಂಟು ಸ್ಥಾನ.

ಎರಡೇ ಟ್ರ್ಯಾಕಿನ ಒಂದು ಗಾಯನದ ಡಿಸ್ಕನ್ನು ಕಲ್ಪಿಸಿಕೊಳ್ಳಿ. ಒಟ್ಟು ಅವಧಿ 69 ನಿಮಿಷ 36 ಸೆಕೆಂಡು, ಅಂದರೆ 4176 ಸೆಕೆಂಡು. ಹದಿನಾರರ ಎಣಿಕೆಯಲ್ಲಿ ಅದು 1050. ಮೊದಲ ಟ್ರ್ಯಾಕ್ ಸಾಮಾನ್ಯವಾಗಿ ಎರಡನೇ ಸೆಕೆಂಡಿನಲ್ಲಿ ಶುರುವಾಗುತ್ತದೆ. ಎರಡನೆಯದು 2563ನೇ ಸೆಕೆಂಡಿನಲ್ಲಿ ಎನ್ನಿ. ಎರಡು, ಐದು, ಆರು, ಮೂರು ಕೂಡಿದರೆ ಹದಿನಾರು. ಮೊದಲ ಟ್ರ್ಯಾಕಿನ ಎರಡು ಸೇರಿದರೆ ಹದಿನೆಂಟು. ಹದಿನಾರರ ಎಣಿಕೆಯಲ್ಲಿ ಅದು 12. ಟ್ರ್ಯಾಕುಗಳು 02. ಈ ಡಿಸ್ಕಿನ ಗುರುತು 12105002.

ಈಗ ಇನ್ನೊಬ್ಬ ಗಾಯಕರ ಡಿಸ್ಕ್. ಒಟ್ಟು ಅವಧಿ ಅಷ್ಟೇ, ಆದರೆ ಎರಡನೇ ರಾಗ 1843ನೇ ಸೆಕೆಂಡಿಗೇ ಶುರು. ಮೊದಲಿನದಕ್ಕಿಂತ ಹನ್ನೆರಡು ನಿಮಿಷ ಮುಂಚೆ. ಒಂದು, ಎಂಟು, ನಾಲ್ಕು, ಮೂರು: ಮತ್ತೆ ಹದಿನಾರು. ಗುರುತು ಮತ್ತೆ 12105002. ಒಂದು ರಾಗ ನಲವತ್ತೆರಡು ನಿಮಿಷ ಹಾಡಿದ ಡಿಸ್ಕ್, ಮೂವತ್ತು ನಿಮಿಷ ಹಾಡಿದ ಡಿಸ್ಕ್, ಎರಡಕ್ಕೂ ಒಂದೇ ಗುರುತು! ಇಡೀ ಡಿಸ್ಕಿಗೆ ಒಂದೇ ಟ್ರ್ಯಾಕ್ ಇದ್ದರಂತೂ ಕೇಳಲೇಬೇಡಿ. ಸೆಕೆಂಡಿನ ಲೆಕ್ಕದಲ್ಲಿ ಅಷ್ಟೇ ಉದ್ದವಿರುವ ಜಗತ್ತಿನ ಬಹುತೇಕ ಒಂಟಿ ಟ್ರ್ಯಾಕಿನ ಡಿಸ್ಕುಗಳೆಲ್ಲ ಒಂದೇ ಗುರುತಿಗೆ ಬಂದು ನಿಲ್ಲುತ್ತವೆ. ಮೂರು ನಿಮಿಷದ ಹದಿನಾಲ್ಕು ಹಾಡುಗಳ ಡಿಸ್ಕುಗಳಿಗೆ ಸಾಕಾಗುವ ಈ ಪದ್ಧತಿ ಧಾರವಾಡದವರ ಮನೆಯ ಕಪಾಟಿನ ಮುಂದೆ ಎಡವುವುದು ಇದಕ್ಕೇ. ಟ್ರ್ಯಾಕ್ ಕಡಿಮೆಯಾದಷ್ಟೂ ತಪ್ಪು ಹೆಚ್ಚು.

ಸಿಡಿಡಿಬಿ ಮುಂದೆ ಗ್ರೇಸ್‌ನೋಟ್ ಎಂಬ ವಾಣಿಜ್ಯ ಸಂಸ್ಥೆಯಾಯಿತು. ಸಾರ್ವಜನಿಕರು ಪುಕ್ಕಟೆ ಬರೆದುಕೊಟ್ಟ ಹೆಸರುಗಳಿಗೆ ಬೇಲಿ ಬಿತ್ತೆಂದು ಸಿಟ್ಟಾದವರು ಫ್ರೀಡಿಬಿಯನ್ನೂ ಮ್ಯೂಸಿಕ್‌ಬ್ರೈನ್ಜ್ ಅನ್ನೂ ಬೆಳೆಸಿದರು. ಫ್ರೀಡಿಬಿ 2020ರಲ್ಲಿ ಮುಚ್ಚಿತು. ಹಳೆಯ ತಂತ್ರಾಂಶ ‘ಸರ್ವರ್ ಸಿಗುತ್ತಿಲ್ಲ’ ಎಂದು ಗೊಣಗಿದರೆ ಕಾರಣ ಅದೇ. ಸೆಟ್ಟಿಂಗಿನಲ್ಲಿ, ಫ್ರೀಡಿಬಿಯ ಜಾಗ ತುಂಬಿದ ಗ್ನುಡಿಬಿ ಎಂಬ ಡೇಟಾಬೇಸಿನ ವಿಳಾಸ ಕೊಟ್ಟರೆ ಅದೇ ಹಳೆಯ ಪದ್ಧತಿಯಲ್ಲಿ ಉತ್ತರ ಸಿಗುತ್ತದೆ. ಹಳೆಯ ತಪ್ಪುಗಳೂ ಜೊತೆಗೆ ಸಿಗುತ್ತವೆ ಎನ್ನುವುದು ಬೇರೆ ಮಾತು. ಮ್ಯೂಸಿಕ್‌ಬ್ರೈನ್ಜ್ ಮಾತ್ರ ಸೆಕೆಂಡಿನ 75ನೇ ಒಂದು ಭಾಗದಷ್ಟು ನಿಖರವಾಗಿ ಎಲ್ಲ ಟ್ರ್ಯಾಕುಗಳ ಸ್ಥಾನವನ್ನೂ ಸೇರಿಸಿ 28 ಅಕ್ಷರಗಳ ಗುರುತು ಮಾಡುತ್ತದೆ. ಅಲ್ಲಿ ಬೇರೆ ಡಿಸ್ಕಿನ ಹೆಸರು ಬಂದು ಅಂಟಿಕೊಳ್ಳುವುದು ಅಪರೂಪ. ಅದರ ಬದಲು ಕನ್ನಡದ ಡಿಸ್ಕುಗಳಿಗೆ ಉತ್ತರವೇ ಬರದಿರುವುದು ಹೆಚ್ಚು. ನನ್ನನ್ನು ಕೇಳಿದರೆ, ತಪ್ಪು ಹೆಸರಿಗಿಂತ ‘ಟ್ರ್ಯಾಕ್ 01, ಟ್ರ್ಯಾಕ್ 02’ ಎಂಬ ಖಾಲಿ ಪಟ್ಟಿಯೇ ಮೇಲು. ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ; ತಪ್ಪು ಹೆಸರು ಸುಮ್ಮನೆ ಕುಳಿತಿರುತ್ತದೆ.

ಮುಂದೆ ಇಳಿಸಬೇಕಾದ ಡಿಸ್ಕುಗಳಿಗೆ ಕ್ರಮ ಹೀಗಿರಲಿ. ಬಳಸುವ ತಂತ್ರಾಂಶ ಯಾವುದೇ ಇರಲಿ — ವಿಂಡೋಸಿನ ಎಕ್ಸಾಕ್ಟ್ ಆಡಿಯೊ ಕಾಪಿ, ಎಲ್ಲ ಕಡೆಯೂ ನಡೆಯುವ ಫ್ರೀಯಾಕ್, ಮ್ಯಾಕಿನ ಎಕ್ಸ್‌ಎಲ್‌ಡಿ — ಡಿಸ್ಕ್ ಹಾಕಿದ ಕೂಡಲೇ ತಾನಾಗಿ ಇಳಿಸಲು ಶುರುಮಾಡುವ ಆಯ್ಕೆಯನ್ನು ತೆಗೆದುಬಿಡಿ. ಮೊದಲು ಪಟ್ಟಿ ತೆರೆಯಲಿ. ಇನ್‌ಲೇ ಕಾರ್ಡನ್ನು ಕೈಯಲ್ಲಿ ಹಿಡಿದು ಟ್ರ್ಯಾಕುಗಳ ಸಂಖ್ಯೆ ತಾಳೆಯಾಗುತ್ತದೆಯೇ ನೋಡಿ. ಅವಧಿ ಮುದ್ರಿಸಿದ್ದರೆ ಎಲ್ಲಕ್ಕಿಂತ ಉದ್ದದ ಮತ್ತು ಎಲ್ಲಕ್ಕಿಂತ ಗಿಡ್ಡದ ಟ್ರ್ಯಾಕುಗಳ ಅವಧಿ ಹೋಲಿಸಿ. ಈ ಎರಡು ಸರಿಯಾದರೆ ಉಳಿದವು ಬಹುಪಾಲು ಸರಿ. ತಂತ್ರಾಂಶ ಒಂದಕ್ಕಿಂತ ಹೆಚ್ಚು ಉತ್ತರ ತಂದು ‘ಯಾವುದು?’ ಎಂದು ಕೇಳಿದರೆ ಮೊದಲನೆಯದನ್ನೇ ಒತ್ತಬೇಡಿ. ಯಾವುದೂ ಹೊಂದದಿದ್ದರೆ ಎಲ್ಲವನ್ನೂ ತಿರಸ್ಕರಿಸಿ ಹೆಸರುಗಳನ್ನು ಅಲ್ಲೇ ಟೈಪ್ ಮಾಡಿ, ಆಮೇಲೆ ಇಳಿಸಿ.

ಇಳಿಸುವುದು ಫ್ಲ್ಯಾಕ್ ರೂಪದಲ್ಲಿರಲಿ. ಧ್ವನಿ ಒಂದಿಷ್ಟೂ ನಷ್ಟವಾಗುವುದಿಲ್ಲ, ಟ್ಯಾಗ್ ಅಚ್ಚುಕಟ್ಟಾಗಿ ಕೂರುತ್ತದೆ, ಕನ್ನಡವನ್ನು ಯಾವ ತಕರಾರೂ ಇಲ್ಲದೆ ಒಪ್ಪುತ್ತದೆ. ಕಾರಿಗೆ ಬೇಕಾದ ಎಂಪಿ3ಯನ್ನು ಅದರಿಂದ ಯಾವಾಗ ಬೇಕಾದರೂ ತೆಗೆಯಬಹುದು. ವೇವ್ ಫೈಲುಗಳಾಗಿ ಮಾತ್ರ ಇಡಬೇಡಿ. ಅದರಲ್ಲಿ ಟ್ಯಾಗ್ ಬರೆಯುವ ಕ್ರಮ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಥರ; ಒಂದರಲ್ಲಿ ಕಂಡದ್ದು ಇನ್ನೊಂದರಲ್ಲಿ ಮಾಯ.

ಇನ್‌ಲೇ ಕಾರ್ಡನ್ನು ನಂಬಿ ಎಂದೆ. ಕಣ್ಣು ಮುಚ್ಚಿ ನಂಬಿ ಎನ್ನಲಿಲ್ಲ. ಕ್ಯಾಸೆಟ್ಟಾಗಿ ಮೊದಲು ಬಂದು ಆಮೇಲೆ ಸಿ.ಡಿ.ಯಾದ ಆಲ್ಬಂಗಳಲ್ಲಿ ಕಾರ್ಡಿನ ಮೇಲೆ ‘ಎ ಬದಿ’, ‘ಬಿ ಬದಿ’ಯ ಕ್ರಮವೇ ಉಳಿದು, ಡಿಸ್ಕಿನ ಕ್ರಮ ಬೇರೆಯಾಗಿರುವುದುಂಟು. ಇನ್ನೊಂದು, ಒಂದು ಮನೆ ಜಾರಿದ ಪಟ್ಟಿ. ಭಾವಗೀತೆಯ ಕೆಲವು ಆಲ್ಬಂಗಳಲ್ಲಿ ಮೊದಲ ಟ್ರ್ಯಾಕ್ ಕವಿಯ ಬಗ್ಗೆ ಒಂದೆರಡು ನಿಮಿಷದ ಪ್ರಸ್ತಾವನೆಯಾಗಿರುತ್ತದೆ. ಕಾರ್ಡಿನಲ್ಲಿ ಅದನ್ನು ಎಣಿಸಿರುವುದಿಲ್ಲ. ಹೆಸರುಗಳನ್ನು ಕಾರ್ಡಿನಂತೆ ತುಂಬಿದರೆ ಪ್ರಸ್ತಾವನೆಗೆ ಮೊದಲ ಹಾಡಿನ ಹೆಸರು, ಮೊದಲ ಹಾಡಿಗೆ ಎರಡನೆಯದರ ಹೆಸರು, ಹೀಗೆ ಕೊನೆಯವರೆಗೂ ಒಂದೊಂದು ಮನೆ ಜಾರುತ್ತದೆ. ಕಟ್ಟಕಡೆಗೆ ಹೆಸರಿಲ್ಲದ ಒಂದು ಟ್ರ್ಯಾಕ್ ಮಿಕ್ಕುತ್ತದೆ. ಬೇರೆಯವರು ಹೀಗೆ ತುಂಬಿದ ಪಟ್ಟಿ ಡೇಟಾಬೇಸಿನಿಂದಲೇ ಬರುವುದೂ ಉಂಟು. ಆಲ್ಬಂ ಹೆಸರು ಸರಿ, ಗಾಯಕರು ಸರಿ, ಹಾಡು ಮಾತ್ರ ಬೇರೆ ಎಂದಾದರೆ ಮೊದಲು ಶಂಕಿಸಬೇಕಾದದ್ದು ಇದನ್ನೇ. ಪ್ರತಿ ಟ್ರ್ಯಾಕಿನ ಪಲ್ಲವಿಯಷ್ಟನ್ನು ಕೇಳಿದರೆ ಸಾಕು, ಗೊತ್ತಾಗಿಬಿಡುತ್ತದೆ.

ಕಾರ್ಡೇ ಕಳೆದುಹೋಗಿದ್ದರೆ ಡಿಸ್ಕಿನ ಮೇಲೆ ಅಚ್ಚಾದ ಕ್ಯಾಟಲಾಗ್ ಸಂಖ್ಯೆ ನೋಡಿ. ತಳಭಾಗದಲ್ಲಿ, ನಡುವಿನ ತೂತಿನ ಸುತ್ತ, ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುವ ಸಣ್ಣ ಅಕ್ಷರ ಸಂಖ್ಯೆಗಳಿರುತ್ತವೆ. ಬಹಳ ಸಲ ಕ್ಯಾಟಲಾಗ್ ಸಂಖ್ಯೆಯೇ ಅಲ್ಲೂ ಇರುತ್ತದೆ. ಡಬ್ಬಿಯ ಹಿಂದೆ ಬಾರ್‌ಕೋಡ್ ಇದ್ದು 890ರಿಂದ ಶುರುವಾಗಿದ್ದರೆ ಅದು ಭಾರತದಲ್ಲಿ ನೋಂದಾಯಿಸಿದ ಸಂಖ್ಯೆ. ಆಲ್ಬಂ ಹೆಸರಿನಿಂದ ಹುಡುಕುವುದಕ್ಕಿಂತ ಈ ಸಂಖ್ಯೆಗಳಿಂದ ಹುಡುಕುವುದು ವಾಸಿ. ಒಂದೇ ಹೆಸರಿನ ಆಲ್ಬಂ ಬೇರೆ ಬೇರೆ ವರ್ಷ ಬೇರೆ ಬೇರೆ ಹಾಡುಗಳೊಂದಿಗೆ ಬಂದಿರುತ್ತದೆ, ಸಂಖ್ಯೆ ಹಾಗೆ ಮೋಸ ಮಾಡುವುದಿಲ್ಲ.

ಈಗ ಚೂರಾದ ಆಲ್ಬಂ. ಪ್ರತಿ ಹಾಡಿನ ಟ್ಯಾಗಿನಲ್ಲಿ ‘ಕಲಾವಿದರು’ ಎಂಬ ಮನೆಯ ಜೊತೆಗೆ ‘ಆಲ್ಬಂ ಕಲಾವಿದರು’ ಎಂಬ ಇನ್ನೊಂದು ಮನೆ ಇದೆ. ಎರಡನೆಯದು ಖಾಲಿ ಇದ್ದರೆ ಬಹಳಷ್ಟು ಪ್ಲೇಯರುಗಳು ಮೊದಲನೆಯದನ್ನೇ ಹಿಡಿದು, ಗಾಯಕರು ಬದಲಾದಲ್ಲೆಲ್ಲ ಆಲ್ಬಂ ಬದಲಾಯಿತು ಎಂದುಕೊಳ್ಳುತ್ತವೆ. ಎಲ್ಲ ಹಾಡುಗಳಿಗೂ ಆಲ್ಬಂ ಕಲಾವಿದರ ಮನೆಯಲ್ಲಿ ಒಂದೇ ಹೆಸರು ಬರೆಯಿರಿ: ‘ವಿವಿಧ ಗಾಯಕರು’, ಅಥವಾ ಇಡೀ ಆಲ್ಬಂಗೆ ಒಬ್ಬರೇ ರಾಗ ಸಂಯೋಜಿಸಿದ್ದರೆ ಅವರ ಹೆಸರು. ಚೂರುಗಳು ಕೂಡಿಕೊಳ್ಳುತ್ತವೆ. ಎರಡು ಡಿಸ್ಕುಗಳ ಸೆಟ್ಟಿಗೂ ಇದೇ ಕಿವಿಮಾತು: ಆಲ್ಬಂ ಹೆಸರು ಎರಡಕ್ಕೂ ಅಕ್ಷರಶಃ ಒಂದೇ ಇರಲಿ, ‘ಡಿಸ್ಕ್ ಸಂಖ್ಯೆ’ಯ ಮನೆಯಲ್ಲಿ 1/2, 2/2 ಎಂದಿರಲಿ.

ಭಾವಗೀತೆಯ ವಿಷಯದಲ್ಲಿ ನಿಜವಾದ ತೊಡಕು ಬೇರೆ ಇದೆ. ಈ ಟ್ಯಾಗುಗಳ ಮನೆಗಳನ್ನು ಹಾಕಿದವರ ಮನಸ್ಸಿನಲ್ಲಿದ್ದದ್ದು ಪಾಶ್ಚಾತ್ಯ ಸಂಗೀತ. ನಮ್ಮಲ್ಲಿ ಒಂದು ಹಾಡಿಗೆ ಬೇಂದ್ರೆಯವರ ಕವಿತೆ, ಸಿ. ಅಶ್ವಥ್ ಅವರ ಸಂಯೋಜನೆ, ಮೂರನೆಯವರ ಗಾಯನ ಎಂದು ಮೂವರು ಒಡೆಯರು. ‘ಕಂಪೋಸರ್’ ಮನೆಯಲ್ಲಿ ಕವಿಯ ಹೆಸರು ಬರೆದುಬಿಡುವುದು ಸಾಮಾನ್ಯ ರೂಢಿ. ಹಾಗೆ ಮಾಡಿದರೆ ಒಂದು ದಿನ ಅಶ್ವಥ್ ಅವರ ಸಂಯೋಜನೆಗಳನ್ನೆಲ್ಲ ಒಟ್ಟಿಗೆ ಕೇಳಬೇಕೆನಿಸಿದಾಗ ದಾರಿ ಇರುವುದಿಲ್ಲ. ಕಂಪೋಸರ್ ಎಂದರೆ ರಾಗ ಸಂಯೋಜಕರು. ಕವಿಗೆ ‘ಲಿರಿಸಿಸ್ಟ್’ ಎಂಬ ಪ್ರತ್ಯೇಕ ಮನೆಯೇ ಇದೆ. ಬಹಳ ಪ್ಲೇಯರುಗಳು ಅದನ್ನು ತೋರಿಸುವುದಿಲ್ಲ, ಅದಕ್ಕೇ ಜನ ಅದನ್ನು ಮರೆತಿದ್ದಾರೆ. ನೀವು ಅಲ್ಲೇ ಬರೆಯಿರಿ. ಕಣ್ಣಿಗೆ ಕಾಣಲೇಬೇಕೆಂದಿದ್ದರೆ ಟಿಪ್ಪಣಿಯ ಮನೆಯಲ್ಲೂ ಇನ್ನೊಮ್ಮೆ ಬರೆಯಿರಿ. ಹಾಡಿನ ಹೆಸರಿನ ಪಕ್ಕದಲ್ಲಿ ಕಂಸ ಹಾಕಿ ಕವಿ, ಸಂಗೀತ, ಗಾಯನ ಎಲ್ಲವನ್ನೂ ತುರುಕಬೇಡಿ. ಕಾರಿನ ಸಣ್ಣ ಪರದೆಯಲ್ಲಿ ಹಾಡಿನ ಮೊದಲ ಪದವೊಂದು ಕಂಡರೆ ಪುಣ್ಯ.

ಕರ್ನಾಟಕ ಸಂಗೀತಕ್ಕೆ ಕೃತಿ, ರಾಗ, ತಾಳ ಮೂರನ್ನೂ ಹೆಸರಿನಲ್ಲೇ ಇಡಬಹುದು: ‘ವಾತಾಪಿ ಗಣಪತಿಂ – ಹಂಸಧ್ವನಿ – ಆದಿ’, ಕಂಪೋಸರ್ ಮುತ್ತುಸ್ವಾಮಿ ದೀಕ್ಷಿತರು, ಕಲಾವಿದರು ಹಾಡಿದವರು. ದಾಸರ ಪದಗಳಿಗೆ ರಾಗದ ಹೆಸರು ಇನ್ನೂ ಮುಖ್ಯ. ಒಂದೇ ಪದವನ್ನು ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಹಾಡುತ್ತಾರೆ, ಹೆಸರಿನಲ್ಲಿ ರಾಗ ಇಲ್ಲದಿದ್ದರೆ ಯಾವುದು ಯಾವುದೆಂದು ಹಾಕಿಯೇ ನೋಡಬೇಕು. ಹಿಂದೂಸ್ತಾನಿಯಲ್ಲಿ ಇದರ ತಿರುವುಮುರುವು. ಕಾರ್ಡಿನಲ್ಲಿ ಬರೀ ‘ರಾಗ ಯಮನ್’ ಎಂದಿರುತ್ತದೆ. ಹಾಗೇ ತುಂಬಿದರೆ ಕೆಲವು ಡಿಸ್ಕುಗಳಾಗುವಷ್ಟರಲ್ಲಿ ನಿಮ್ಮ ಪಟ್ಟಿಯಲ್ಲಿ ಸಾಲುಸಾಲು ಯಮನ್‌ಗಳು. ರಾಗದ ಮುಂದೆ ಬಂದಿಶ್‌ನ ಮೊದಲ ಎರಡು ಮೂರು ಪದಗಳನ್ನು, ವಿಲಂಬಿತವೋ ದ್ರುತವೋ ಎಂಬುದನ್ನು ಸೇರಿಸಿ. ತಬಲಾ, ಹಾರ್ಮೋನಿಯಂ ನುಡಿಸಿದವರ ಹೆಸರು ಟಿಪ್ಪಣಿಗೆ. ಡೇಟಾಬೇಸ್ ಇವಕ್ಕೆಲ್ಲ ‘ಪಾಪ್’, ‘ವರ್ಲ್ಡ್’ ಎಂದು ಪ್ರಕಾರ ಹಚ್ಚಿರುತ್ತದೆ. ಅದನ್ನು ಒರೆಸಿ ‘ಭಾವಗೀತೆ’, ‘ದಾಸ ಸಾಹಿತ್ಯ’, ‘ಖಯಾಲ್’ ಎಂದು ನಿಮಗೆ ಬೇಕಾದ್ದನ್ನು ಬರೆದುಕೊಳ್ಳಿ. ಆ ಮನೆ ಯಾವ ಪದವನ್ನಾದರೂ ಒಪ್ಪುತ್ತದೆ.

ಒಂದೇ ಡಿಸ್ಕಿನಲ್ಲಿ ಎರಡು ಚಿತ್ರಗಳ ಹಾಡು ತುಂಬಿದ ಸಿ.ಡಿ.ಗಳು ನಿಮ್ಮ ಡಬ್ಬಿಯಲ್ಲಿ ಖಂಡಿತ ಇರುತ್ತವೆ. ಅವನ್ನು ಎರಡು ಆಲ್ಬಂ ಮಾಡಿ, ಟ್ರ್ಯಾಕ್ ಸಂಖ್ಯೆಯನ್ನು ಒಂದರಿಂದ ಶುರುಮಾಡಿ, ಡಿಸ್ಕಿನ ಕ್ಯಾಟಲಾಗ್ ಸಂಖ್ಯೆಯನ್ನು ಟಿಪ್ಪಣಿಯಲ್ಲಿಡಿ. ಮೂಲ ಡಿಸ್ಕಿನಂತೆಯೇ ಇರಬೇಕು ಎಂದು ವಾದಿಸುವವರಿದ್ದಾರೆ. ಆದರೆ ಹಾಡನ್ನು ಯಾರೂ ಡಿಸ್ಕಿನ ಸಂಖ್ಯೆಯಿಂದ ನೆನೆಯುವುದಿಲ್ಲ, ಚಿತ್ರದ ಹೆಸರಿನಿಂದ ನೆನೆಯುತ್ತಾರೆ.

ಇಳಿಸಿ ಆಗಿರುವ ಫೈಲುಗಳನ್ನು ತಿದ್ದಲು ವಿಂಡೋಸಿನಲ್ಲಿ ಎಂಪಿ3ಟ್ಯಾಗ್, ಲಿನಕ್ಸ್ ಸೇರಿದಂತೆ ಎಲ್ಲ ಕಡೆ ಕಿಡ್3 ಒಳ್ಳೆಯ ಸಾಧನಗಳು. ಒಂದು ಆಲ್ಬಂನ ಎಲ್ಲ ಫೈಲುಗಳನ್ನು ಒಟ್ಟಿಗೆ ಆರಿಸಿ ಆಲ್ಬಂ ಹೆಸರು, ಆಲ್ಬಂ ಕಲಾವಿದರು, ವರ್ಷ, ಪ್ರಕಾರ ಇಷ್ಟನ್ನು ಒಂದೇ ಸಲಕ್ಕೆ ಬರೆಯಬಹುದು. ಹಾಡುಗಳ ಹೆಸರನ್ನು ಒಂದೊಂದಾಗಿ ತುಂಬುವ ಬದಲು ಸಾಲಿಗೊಂದರಂತೆ ಸಾದಾ ಪಠ್ಯದ ಫೈಲಿನಲ್ಲಿ ಟೈಪ್ ಮಾಡಿಟ್ಟುಕೊಳ್ಳಿ. ಎಂಪಿ3ಟ್ಯಾಗಿನಲ್ಲಿ ಪಠ್ಯದ ಫೈಲಿನಿಂದ ಟ್ಯಾಗಿಗೆ ಪರಿವರ್ತಿಸುವ ಆಯ್ಕೆ ಇದೆ, ಫೈಲುಗಳ ಕ್ರಮದಲ್ಲೇ ಹೆಸರುಗಳು ಕೂರುತ್ತವೆ. ಮ್ಯೂಸಿಕ್‌ಬ್ರೈನ್ಜ್‌ನ ಪಿಕಾರ್ಡ್ ತಂತ್ರಾಂಶ ಹಾಡಿನ ಧ್ವನಿಯನ್ನೇ ಪರೀಕ್ಷಿಸಿ ಹೆಸರು ಹುಡುಕಬಲ್ಲದು. ಚಿತ್ರಗೀತೆಗಳಿಗೆ ಅದು ಕೆಲವೊಮ್ಮೆ ನೆರವಾಗುತ್ತದೆ. ಆದರೆ ಹಾಡು ಗುರುತಿಸಿದ ಮೇಲೆ ಅದು ಇರುವ ಯಾವುದೋ ‘ಸುಮಧುರ ಗೀತೆಗಳು’ ಮಾದರಿಯ ಸಂಕಲನವನ್ನು ಆಲ್ಬಂ ಎಂದು ಹಚ್ಚುವ ಸಾಧ್ಯತೆ ಇದೆ. ಉಳಿಸುವ ಗುಂಡಿ ಒತ್ತುವ ಮುಂಚೆ ಆಲ್ಬಂ ಹೆಸರನ್ನು ಒಮ್ಮೆ ಓದಿ.

ತಿದ್ದಿದ ಹೆಸರು ಕಾರಿನಲ್ಲಿ ಹಳೆಯದಾಗುವುದೇಕೆ ಎಂದು ಕೇಳಿದ್ದೀರಿ. ಇದಕ್ಕೆ ಎರಡು ಕಾರಣ ಸಾಮಾನ್ಯ. ಮೊದಲನೆಯದು, ಕೆಲವು ಪ್ಲೇಯರುಗಳಲ್ಲಿ ನೀವು ತಿದ್ದಿದ್ದು ಅದರ ಸ್ವಂತ ಗ್ರಂಥಾಲಯದ ಪಟ್ಟಿಯಲ್ಲಿ ಉಳಿಯುತ್ತದೆ, ಫೈಲಿನೊಳಗೆ ಹೋಗಿರುವುದಿಲ್ಲ. ಪೆನ್‌ಡ್ರೈವಿಗೆ ಹೋದದ್ದು ಹಳೆಯ ಟ್ಯಾಗಿನ ಫೈಲೇ. ಪರೀಕ್ಷೆ ಸುಲಭ: ತಿದ್ದಿದ ಮೇಲೆ ಅದೇ ಫೈಲನ್ನು ಬೇರೆ ತಂತ್ರಾಂಶದಲ್ಲಿ ತೆರೆದು ನೋಡಿ. ಎರಡನೆಯದು ಹೆಚ್ಚು ಸೂಕ್ಷ್ಮ. ಒಂದೇ ಎಂಪಿ3 ಫೈಲಿನಲ್ಲಿ ಎರಡು ಟ್ಯಾಗ್ ಇರಬಹುದು. 1996ರ ಹಳೆಯ ಐಡಿ3 ಟ್ಯಾಗ್ ಫೈಲಿನ ಕೊನೆಯ 128 ಬೈಟುಗಳಲ್ಲಿ ಕೂತಿರುತ್ತದೆ. ಹಾಡಿನ ಹೆಸರಿಗೆ ಮೂವತ್ತೇ ಸ್ಥಾನ, ಕನ್ನಡಕ್ಕೆ ಜಾಗವಿಲ್ಲ. ಆಮೇಲೆ ಬಂದ ಐಡಿ3ಯ ಎರಡನೇ ಪೀಳಿಗೆಯ ಟ್ಯಾಗ್ ಫೈಲಿನ ಆರಂಭದಲ್ಲಿರುತ್ತದೆ. ನೀವು ಹೊಸದನ್ನು ತಿದ್ದಿರುತ್ತೀರಿ, ಕಾರಿನ ಪ್ಲೇಯರ್ ಹಳೆಯದನ್ನು ಓದುತ್ತಿರುತ್ತದೆ. ಹಾಡುಗಳ ಹೆಸರೆಲ್ಲ ಮೂವತ್ತನೇ ಅಕ್ಷರಕ್ಕೆ ಕಡಿದುಹೋಗಿದ್ದರೆ ಇದೇ ಕಾರಣ ಎಂದು ಖಚಿತ. ಎಂಪಿ3ಟ್ಯಾಗಿನ ಸೆಟ್ಟಿಂಗಿನಲ್ಲಿ ಎಂಪಿ3 ಟ್ಯಾಗುಗಳ ಪುಟಕ್ಕೆ ಹೋಗಿ ಹಳೆಯ ಐಡಿ3ಯನ್ನು ತೆಗೆದುಹಾಕುವಂತೆಯೂ, ಹೊಸದನ್ನು 2.3ನೇ ಆವೃತ್ತಿಯಲ್ಲಿ ಯುಟಿಎಫ್-16 ಸಂಕೇತದಲ್ಲಿ ಬರೆಯುವಂತೆಯೂ ಗುರುತು ಹಾಕಿ. 2.4ನೇ ಆವೃತ್ತಿ ಹೊಸದು ನಿಜ, ಆದರೆ ಕಾರುಗಳ ಪ್ಲೇಯರುಗಳು ಹಳೆಯ ಮನುಷ್ಯರು, 2.3 ಅವಕ್ಕೆ ಒಗ್ಗುತ್ತದೆ.

ಇವೆರಡೂ ಅಲ್ಲದೆ, ಅಂತರಜಾಲದಿಂದ ಮಾಹಿತಿ ತಂದು ಇರುವುದರ ಮೇಲೆ ತಾನಾಗಿ ಬರೆಯುವ ಆಯ್ಕೆ ನಿಮ್ಮ ಪ್ಲೇಯರಿನಲ್ಲಿ ಚಾಲೂ ಇದೆಯೇ ನೋಡಿ. ಇದ್ದರೆ ನೀವು ಹಗಲೆಲ್ಲ ತಿದ್ದಿದ್ದನ್ನು ಅದು ಒಂದೇ ಉಸಿರಿಗೆ ಕೆಡಿಸುತ್ತದೆ. ಮೊದಲು ಅದನ್ನು ನಿಲ್ಲಿಸಿ, ಆಮೇಲೆ ತಿದ್ದಲು ಕೂರಿ.

ಕನ್ನಡ ಲಿಪಿ ಖಂಡಿತ ಬಳಸಬಹುದು, ಬಳಸಿ. ಯೂನಿಕೋಡಿನಲ್ಲಿ ಟೈಪ್ ಮಾಡಿ ಎಂಬುದೊಂದೇ ಷರತ್ತು. ನುಡಿ ಅಥವಾ ಬರಹದ ಹಳೆಯ ಫಾಂಟಿನ ವಿಧಾನದಲ್ಲಿ ಟೈಪ್ ಮಾಡಿದ ಹೆಸರುಗಳು ಟ್ಯಾಗಿನಲ್ಲಿ ಸೊಟ್ಟ ರೋಮನ್ ಅಕ್ಷರಗಳ ಗೊಜಲಾಗಿ ಕಾಣುತ್ತವೆ. ಎರಡೂ ತಂತ್ರಾಂಶಗಳಲ್ಲಿ ಯೂನಿಕೋಡ್ ವಿಧಾನವೂ ಇದೆ, ಅದನ್ನು ಆರಿಸಿಕೊಳ್ಳಿ.

ಕನ್ನಡದಲ್ಲಿ ಬರೆಯುವವರಿಗಷ್ಟೇ ಎದುರಾಗುವ ಒಂದು ವಿಚಿತ್ರ ಹೇಳುತ್ತೇನೆ. ಪಟ್ಟಿಯಲ್ಲಿ ಒಬ್ಬರೇ ಗಾಯಕರು ಎರಡು ಸಲ ಕಾಣುತ್ತಾರೆ, ಹೆಸರಿನಲ್ಲಿ ಕಣ್ಣಿಗೆ ಯಾವ ವ್ಯತ್ಯಾಸವೂ ಇಲ್ಲ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರಕ್ಕೆ ಕಕಾರ ಒತ್ತಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಬೇಕು. ಅದು ಅಲ್ಲಿ ಇರಬೇಕಾದದ್ದೇ. ಆದರೆ ಸುದ್ದಿತಾಣಗಳಿಂದಲೋ ಮೊಬೈಲಿನಿಂದಲೋ ನಕಲು ಮಾಡಿ ತಂದ ಹೆಸರುಗಳಲ್ಲಿ ಅದೇ ಅಕ್ಷರ ಕೊನೆಯ ಅರ್ಧಾಕ್ಷರದ ಬಾಲದಲ್ಲೂ ಅಂಟಿಕೊಂಡಿರುತ್ತದೆ. ‘ಅಶ್ವಥ್’ ಬಾಲವಿರುವುದು ಒಂದು, ಇಲ್ಲದ್ದು ಒಂದು. ಕಂಪ್ಯೂಟರಿಗೆ ಅವರಿಬ್ಬರು ಬೇರೆ ಬೇರೆ ಮನುಷ್ಯರು. ಇನಿಷಿಯಲ್ ಆದ ಮೇಲೆ ಜಾಗ ಬಿಡುವುದು, ಬಿಡದಿರುವುದು ಕೂಡ ಹೀಗೆಯೇ. ಹಾಗಾಗಿ ಕವಿಗಳು, ಗಾಯಕರು, ಸಂಯೋಜಕರು ಎಲ್ಲರ ಹೆಸರನ್ನೂ ಒಂದು ಸಾದಾ ಪಠ್ಯದ ಫೈಲಿನಲ್ಲಿ ಒಮ್ಮೆ ನೀವೇ ಟೈಪ್ ಮಾಡಿ, ಪ್ರತಿ ಸಲವೂ ಅಲ್ಲಿಂದಲೇ ನಕಲು ಮಾಡಿ ಅಂಟಿಸಿ.

ಟ್ಯಾಗು ಕನ್ನಡದಲ್ಲಿರಲಿ, ಫೈಲಿನ ಹೆಸರು ಗಿಡ್ಡದಾಗಿರಲಿ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಒಂದು ಫೈಲಿನ ಹೆಸರಿಗೆ 255 ಬೈಟುಗಳ ಮಿತಿ. ಅಲ್ಲಿ ಬಳಸುವ ಯುಟಿಎಫ್-8 ಎಂಬ ಯೂನಿಕೋಡ್ ಸಂಕೇತದಲ್ಲಿ ಕನ್ನಡದ ಒಂದೊಂದು ಘಟಕಕ್ಕೂ, ಅಂದರೆ ವ್ಯಂಜನ, ಸ್ವರಚಿಹ್ನೆ, ಒತ್ತು ಮೂಡಿಸುವ ಹಲಂತ ಚಿಹ್ನೆ ಪ್ರತಿಯೊಂದಕ್ಕೂ, ಮೂರು ಬೈಟು. ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಘಟಕ, ಹದಿನೆಂಟು ಬೈಟು ನುಂಗುತ್ತದೆ. ಕೃತಿ, ರಾಗ, ತಾಳ, ಗಾಯಕರು ಎಲ್ಲವನ್ನೂ ಫೈಲಿನ ಹೆಸರಿನಲ್ಲೂ ಪೇರಿಸಿದರೆ ಮಿತಿ ಬೇಗ ಮುಟ್ಟುತ್ತದೆ. ಟ್ರ್ಯಾಕ್ ಸಂಖ್ಯೆ ಎರಡಂಕಿಯಲ್ಲಿ, ಅದರ ಮುಂದೆ ಹಾಡಿನ ಮೊದಲ ಪದಗಳು, ಸಾಕು. ನಿಮ್ಮ ಕಾರಿನ ಪರದೆ ಕನ್ನಡದ ಬದಲು ಖಾಲಿ ಚೌಕಗಳನ್ನು ತೋರಿಸಿದರೆ ಅದರಲ್ಲಿ ಕನ್ನಡ ಫಾಂಟೇ ಇಲ್ಲ ಎಂದರ್ಥ, ಅದಕ್ಕೆ ನೀವು ಮಾಡುವಂಥದ್ದು ಏನೂ ಇಲ್ಲ. ಕಾರಿಗೆಂದು ತೆಗೆಯುವ ಎಂಪಿ3 ಪ್ರತಿಗಳಿಗೆ ಮಾತ್ರ ರೋಮನ್ ಲಿಪಿಯ ಟ್ಯಾಗ್ ಹಾಕಿ. ಮನೆಯ ಫ್ಲ್ಯಾಕ್ ಪ್ರತಿಯನ್ನು ಮುಟ್ಟಬೇಡಿ.

ಡಬ್ಬಿಯಲ್ಲಿ ‘50 ಹಾಡುಗಳು’, ‘100 ಹಾಡುಗಳು’ ಎಂದು ಬರೆದ ಡಿಸ್ಕುಗಳಿದ್ದರೆ ಅವು ಆಡಿಯೊ ಸಿ.ಡಿ.ಗಳಲ್ಲ, ಎಂಪಿ3 ಫೈಲುಗಳನ್ನು ತುಂಬಿದ ಡೇಟಾ ಡಿಸ್ಕುಗಳು. ಆಡಿಯೊ ಸಿ.ಡಿ.ಯಲ್ಲಿ ಟ್ರ್ಯಾಕುಗಳ ಮಿತಿಯೇ 99, ಅವಧಿ ಸುಮಾರು 80 ನಿಮಿಷ. ಇವನ್ನು ಇಳಿಸಲು ಯಾವ ತಂತ್ರಾಂಶವೂ ಬೇಡ, ಫೋಲ್ಡರ್ ತೆರೆದು ಫೈಲುಗಳನ್ನು ನಕಲು ಮಾಡಿದರಾಯಿತು. ಅಂಗಡಿಗಳಲ್ಲಿ ಸುಟ್ಟುಕೊಟ್ಟ ಇಂಥ ಡಿಸ್ಕುಗಳ ಟ್ಯಾಗಿನಲ್ಲಿ ಹಾಡು ಬಂದ ಜಾಲತಾಣದ ಜಾಹೀರಾತೇ ಆಲ್ಬಂ ಹೆಸರಾಗಿ, ಕಲಾವಿದರಾಗಿ, ಟಿಪ್ಪಣಿಯಾಗಿ ತುಂಬಿರುತ್ತದೆ. ತಿದ್ದುವ ಗೋಜಿಗೆ ಹೋಗದೆ ಟ್ಯಾಗನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆಯುವುದೇ ಬೇಗ ಮುಗಿಯುವ ದಾರಿ.

ಕೊನೆಗೆ, ಇಷ್ಟೆಲ್ಲ ಟೈಪ್ ಮಾಡುವವರು ನೀವೇ ಆಗಿರುವುದರಿಂದ ಒಂದು ಸಲಹೆ. ಮ್ಯೂಸಿಕ್‌ಬ್ರೈನ್ಜ್‌ನಲ್ಲಿ ಪುಕ್ಕಟೆ ಖಾತೆ ತೆರೆದು, ಡಿಸ್ಕ್ ಡ್ರೈವಿನಲ್ಲಿರುವಾಗಲೇ ಪಿಕಾರ್ಡ್ ಮೂಲಕ ಹುಡುಕಿಸಿ. ಉತ್ತರ ಬರದಿದ್ದರೆ ಆ ಡಿಸ್ಕಿನ ಗುರುತನ್ನು ಜೋಡಿಸಿ ಆಲ್ಬಂ ಸೇರಿಸುವ ಪುಟ ತೆರೆಯುತ್ತದೆ. ಹೆಸರುಗಳನ್ನು ಕಾರ್ಡಿನಲ್ಲಿ ಯಾವ ಲಿಪಿಯಲ್ಲಿ ಮುದ್ರಿಸಿದ್ದಾರೋ ಅದೇ ಲಿಪಿಯಲ್ಲಿ ಕೊಡಿ, ಕ್ಯಾಟಲಾಗ್ ಸಂಖ್ಯೆ ಮತ್ತು ಬಾರ್‌ಕೋಡ್ ಬಿಡಬೇಡಿ. ಆಮೇಲೆ ಅದೇ ಆಲ್ಬಂನ ಇನ್ನೊಂದು ಪ್ರತಿಯನ್ನು ಮೈಸೂರಿನಲ್ಲೋ ಅಮೆರಿಕದಲ್ಲೋ ಯಾರಾದರೂ ಹಾಕಿದರೆ, ಮುದ್ರಣ ಒಂದೇ ಆಗಿದ್ದ ಪಕ್ಷದಲ್ಲಿ, ಅವರಿಗೆ ರಾಕ್ ತಂಡದ ಬದಲು ನೀವು ಬರೆದ ಪಟ್ಟಿ ಬರುತ್ತದೆ.